ಹದ್ರಮೌತಿನಿಂದ ದೋಆಬಿಗೆ: ದಖ್ಖನಿನ ಅರಬರ ಚರಿತ್ರೆ ಬೆಳೆದ ಬಗೆ

ರಾಯಚೂರು ಕೋಟೆಯ ಗೋಡೆಯಲ್ಲಿರುವ 1294ರ ಶಾಸನಶಿಲೆಯ ಮುಂದೆ ನಿಲ್ಲದ ಇತಿಹಾಸಾಸಕ್ತರಿಲ್ಲವಾದರೂ, ಅದೇ ನಗರದ ಅರಬ್ ಮೊಹಲ್ಲಾದ ಕಡೆಗೆ ದೃಷ್ಟಿ ಹರಿಸಿದವರು ವಿರಳ. ನಿಜಾಮರ ರಾಜ್ಯದ ಅರಬರಲ್ಲಿ ಬಹುಪಾಲು ಜನರು ದಕ್ಷಿಣ ಅರೇಬಿಯದ ಹದ್ರಮೌತ್ ಪ್ರಾಂತದವರು; ರಾಯಚೂರು ಸಹ 1948ರ ವರೆಗೆ ಆ ರಾಜ್ಯದ ಅಂಗವಾಗಿದ್ದುದರಿಂದ, ಮೊಹಲ್ಲಾದ ಹೆಸರನ್ನು ಆ ವಿಶಾಲ ವೃತ್ತಾಂತದೊಳಗೆ ಇರಿಸಿಯೇ ಓದಬೇಕಾಗುತ್ತದೆ.

ಈ ವೃತ್ತಾಂತವನ್ನು ಮೊದಲು ಬರೆದಿಟ್ಟವರು ಆಂಗ್ಲ ಅಧಿಕಾರಿಗಳು. ಸುರಪುರದಲ್ಲಿ ಬಹುಕಾಲವಿದ್ದ ಮೆಡೋಸ್ ಟೇಲರನ ಆತ್ಮಕಥೆ 1877ರಲ್ಲಿ ಪ್ರಕಟವಾಯಿತು. ಅಲ್ಲಿಯ ದೊರೆಗಳಾದ ಬೇಡ ನಾಯಕರ ಆಶ್ರಯದಲ್ಲಿದ್ದ ಅರಬ್ ಮತ್ತು ರೋಹಿಲಾ ಭಟರು ಅದರಲ್ಲಿ ಕಾಣಿಸಿಕೊಳ್ಳುತ್ತಾರೆ. 1858ರ ಸುರಪುರದ ದಂಗೆಯಲ್ಲಿಯೂ ಅವರಿದ್ದರು. ಬೇಡರ ಮತ್ತೊಂದು ನೆಲೆಯಾದ ದೇವದುರ್ಗದ ಕತೆಯೂ ಈ ಹಿನ್ನೆಲೆಯನ್ನು ಬಿಟ್ಟಿರಲಾರದು. ಆದರೆ ಇಂಥ ಬರಹಗಳಲ್ಲಿ ಅರಬನೆಂದರೆ ಸೊಂಟಕ್ಕೆ ಜಂಬಿಯಾ ಎಂಬ ಬಾಗಿದ ಕಠಾರಿಯನ್ನು ಸಿಕ್ಕಿಸಿಕೊಂಡ ಕಲಹಪ್ರಿಯನೇ ಹೊರತು ಸಂಸಾರಿಯಲ್ಲ; ಇದು ಅನ್ಯಾಯದ ಚಿತ್ರಣವೆಂದೇ ನನ್ನ ಭಾವನೆ.

ಮುಂದಿನ ವಿದ್ವಾಂಸರು ಕೈಯ ಕತ್ತಿಯ ಜೊತೆಗೆ ಲೆಕ್ಕದ ಪುಸ್ತಕವನ್ನೂ ಕಂಡರು. ಅರಬ್ ಭಟರ ನಾಯಕನಾದ ಜಮಾದಾರನು ತನ್ನ ದಳಕ್ಕೆ ಸಂಬಳ ಹಂಚುವವನು ಮಾತ್ರವಲ್ಲದೆ, ಬೊಕ್ಕಸ ಬರಿದಾದ ನಿಜಾಮನ ದರ್ಬಾರಿಗೆ ಸಾಲ ಕೊಟ್ಟು, ಅದಕ್ಕೆ ಆಧಾರವಾಗಿ ತಾಲ್ಲೂಕುಗಳ ಕಂದಾಯವನ್ನು ವಹಿಸಿಕೊಳ್ಳುವವನೂ ಆಗಿದ್ದನು. ಸಾಲ ತೀರಿಸದವನ ಮನೆಬಾಗಿಲಲ್ಲಿ ಕಾವಲು ಕುಳಿತು, ಒಳಗಿದ್ದವರು ಹೊರಗೆ ಬಾರದಂತೆ ತಡೆಯುವುದೂ ಅವನ ಜನರ ವಸೂಲಿಯ ಕ್ರಮಗಳಲ್ಲೊಂದಾಗಿತ್ತು. 1853ರಲ್ಲಿ ದಿವಾನನಾದ ಸಾಲಾರ್ ಜಂಗನು ಈ ಪ್ರಾಬಲ್ಯವನ್ನು ಕ್ರಮೇಣ ಕುಗ್ಗಿಸಿದನು. ಅದೇ ವರ್ಷ ಸೇನಾವೆಚ್ಚದ ಬಾಕಿಗಾಗಿ, ಕೃಷ್ಣಾ-ತುಂಗಭದ್ರೆಗಳ ನಡುವಿನ ರಾಯಚೂರು ದೋಆಬ್ ಆಂಗ್ಲರ ವಶವಾಗಿ, 1860ರಲ್ಲಿ ನಿಜಾಮನಿಗೆ ಮರಳಿತು. ಇತ್ತ ಹೈದರಾಬಾದಿನ ಜಮಾದಾರ ಉಮರ್ ಬಿನ್ ಅವದ್ ಅಲ್-ಕುಐತಿಯ ವಂಶಜರು ಇಲ್ಲಿ ಗಳಿಸಿದ ಧನದ ಬಲದಿಂದಲೇ ಹದ್ರಮೌತಿನಲ್ಲಿ ರಾಜ್ಯ ಕಟ್ಟಿ, 1881ರಲ್ಲಿ ಮುಕಲ್ಲಾ ಬಂದರನ್ನು ಪಡೆದು, 1967ರ ತನಕ ಆಳಿದರು. ದಖ್ಖನಿನ ಕಂದಾಯವು ಸಮುದ್ರ ದಾಟಿ ಸಿಂಹಾಸನವಾದ ಈ ಸಂಗತಿ ನನಗೆ ಇಂದಿಗೂ ವಿಸ್ಮಯಕರ.

1997ರಲ್ಲಿ ಉಲ್ರಿಕೆ ಫ್ರೈಟಾಗ್ ಮತ್ತು ಕ್ಲಾರೆನ್ಸ್-ಸ್ಮಿತ್ ಸಂಪಾದಿಸಿದ ಗ್ರಂಥದಲ್ಲಿ ಓಮರ್ ಖಾಲಿದಿಯವರು ಭಾರತದ ಹದ್ರಮಿಗಳನ್ನು ಕುರಿತು ಬರೆದರು. 2006ರಲ್ಲಿ ಎಂಗ್ಸೆಂಗ್ ಹೋ ಅವರ ಕೃತಿಯು ವಂಶಾವಳಿ ಮತ್ತು ಸಮಾಧಿಗಳ ಮೂಲಕ ಹಿಂದೂ ಮಹಾಸಾಗರವನ್ನೇ ಒಂದು ಕುಟುಂಬದ ಅಂಗಳವೆಂಬಂತೆ ತೋರಿಸಿತು. ಇತ್ತ ದಖ್ಖನಿನಲ್ಲಿ, ನಿಜಾಮರ ಆಳ್ವಿಕೆಯನ್ನು ಕೊನೆಗೊಳಿಸಿದ 1948ರ ಪೊಲೀಸ್ ಕಾರ್ಯಾಚರಣೆಯ ಬಳಿಕ ಅನೇಕ ಅರಬರು ಅಡೆನ್ ಕಡೆಗೆ ಸಾಗಿಸಲ್ಪಟ್ಟರು. ಇಲ್ಲಿಯ ಹೆಣ್ಣುಮಕ್ಕಳನ್ನು ಮದುವೆಯಾಗಿ ಬೇರು ಬಿಟ್ಟಿದ್ದ ಮನೆತನಗಳು ಉಳಿದುಕೊಂಡವು. ಹೆಸರಿನ ನಡುವಿನ 'ಬಿನ್', ಗೋಧಿ-ಮಾಂಸಗಳನ್ನು ಕಟ್ಟಿಗೆಯ ಸೌಟಿನಿಂದ ಅರೆದು ಬೇಯಿಸುವ ಹರೀಸ್, ಮದುವೆಯ ಮೆರವಣಿಗೆಯ ಮರ್ಫಾ ವಾದ್ಯ ಇವು ದಖ್ಖನಿನಲ್ಲಿ ಅವರ ಗುರುತುಗಳು.

ಇನ್ನು ಸಂಶೋಧನೆಯು ಹೈದರಾಬಾದಿನ ದರ್ಬಾರನ್ನು ದಾಟಿ ದೋಆಬಿನ ಮಾನವಿ, ದೇವದುರ್ಗಗಳ ಕಡೆಗೆ ತಿರುಗಬೇಕು. ಫಾರಸಿ, ಉರ್ದು ಭಾಷೆಗಳ ಕಂದಾಯ ಕಾಗದಗಳನ್ನೂ ಮಸೀದಿಗಳ ದಫ್ತರಗಳನ್ನೂ ಮೊಹಲ್ಲಾದ ಹಿರಿಯರ ನೆನಪುಗಳನ್ನೂ ಜೊತೆಗಿಟ್ಟು ಓದಬಲ್ಲ ಕನ್ನಡದ ಯುವ ವಿದ್ವಾಂಸರು ಈ ಕೆಲಸದಲ್ಲಿ ತೊಡಗಲಿ. ಆ ಹಿರಿಯರ ವಯಸ್ಸಾದರೋ ಕಾಯುವ ವಯಸ್ಸಲ್ಲ.