ದೋಣಿಯಲ್ಲಿ ಬರೆಸಿಕೊಂಡ ಕೆರೆ

ನೈನಿತಾಲ್ ಅಂದ ತಕ್ಷಣ ಮಾಲ್ ರೋಡು, ಹನಿಮೂನ್ ಜೋಡಿಗಳು, ಬಾಡಿಗೆ ದೋಣಿಗಳು ನೆನಪಾಗ್ತವೆ. ಆ ಕೆರೆಯಲ್ಲಿ ಹಾಯಿದೋಣಿಗಳ ಕ್ಲಬ್ಬೂ ಒಂದಿದೆ. ನೈನಿತಾಲ್ ಯಾಟ್ ಕ್ಲಬ್ ಅಂತ, ಹುಟ್ಟಿದ್ದು 1910ರಲ್ಲಿ. ಸಮುದ್ರ ಎಲ್ಲಿ, ಸುಮಾರು 1,938 ಮೀಟರ್ ಎತ್ತರದ ಈ ಗುಡ್ಡದ ಊರೆಲ್ಲಿ! ಇಲ್ಲಿಗೆ ದೋಣಿ ಹೇಗೆ ಬಂತು ಅಂತ ಕುತೂಹಲಕ್ಕೆ ಓದ್ತಾ ಹೋದೆ.

1841ರಲ್ಲಿ ಶಾಹಜಹಾನ್‌ಪುರದ ಸಕ್ಕರೆ ವ್ಯಾಪಾರಿ ಪಿ. ಬ್ಯಾರನ್ ಈ ಕೆರೆ ನೋಡಿದ. ಸುತ್ತಲಿನ ಹಳ್ಳಿಯವರಿಗೆ ಅದು ನೈನಾದೇವಿಯ ಪುಣ್ಯಸ್ಥಳ. ಮುಂದೆ ಬಂದಾಗ ಬ್ಯಾರನ್ ಜೊತೆಗೆ ಒಂದು ದೋಣಿಯನ್ನೂ ಹೊರಿಸಿಕೊಂಡು ಬಂದ. ಜಾಗ ನನ್ನದು ಅನ್ನುತ್ತಿದ್ದ ನರಸಿಂಗ್ ಅನ್ನೋ ಮುಖಂಡನನ್ನ ಅದರಲ್ಲಿ ಕೂರಿಸಿ ಕೆರೆಯ ನಡುವೆ ಕರೆದೊಯ್ದ. ಹಕ್ಕು ಬಿಟ್ಟೆ ಅಂತ ಬರೆದುಕೊಡ್ತೀಯೋ, ನೀರಿಗೆ ಬೀಳ್ತೀಯೋ ಅಂತ ಹೆದರಿಸಿದನಂತೆ. ಪಾಪ, ಬರೆದುಕೊಟ್ಟ. ಇದನ್ನ ಇವತ್ತಿಗೂ ತಮಾಷೆ ಪ್ರಸಂಗದ ಹಾಗೆ ಹೇಳ್ತಾರೆ. ನಂಗಂತೂ ನಗು ಬರಲಿಲ್ಲ.

ಆಮೇಲೆ ಊರು ಭರಭರನೆ ಬೆಳೀತು. 1880ರ ಸೆಪ್ಟೆಂಬರ್ 18ರಂದು, ಎಡೆಬಿಡದೆ ಸುರಿದ ಮಳೆಗೆ ಗುಡ್ಡ ಕುಸಿದು 151 ಜನ ಸತ್ತರು. ದೇವಿಯ ಗುಡಿಯೂ ಹೋಯಿತು. ಜಾರಿದ ಮಣ್ಣು ಕೆರೆಯ ಒಂದು ತುದಿಯಲ್ಲಿ ಹರಡಿಕೊಂಡಿತು. ಈಗಿನ ‘ಫ್ಲಾಟ್ಸ್’ ಮೈದಾನ ಅಷ್ಟು ಅಗಲವಾಗಿದ್ದು ಹಾಗೆ. ಅದರ ಪಕ್ಕದಲ್ಲೇ ಹತ್ತು ವರ್ಷಕ್ಕೆ, 1890ರಲ್ಲಿ, ಬೋಟ್ ಹೌಸ್ ಕ್ಲಬ್ ಎದ್ದಿತು!

ಯಾಟ್ ಕ್ಲಬ್ಬಿನ ದೋಣಿಗಳು ಲಿಂಟನ್ ಹೋಪ್ ಎಂಬ ಇಂಗ್ಲಿಷ್ ವಿನ್ಯಾಸಕನ ‘ಹಾಫ್ ರೇಟರ್’ಗಳು. ಈತ 1900ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದವನು. ಹಾಫ್ ರೇಟರ್ ಅಂದ್ರೆ ಏನು ಅಂತ ತಲೆ ಕೆರ್ಕೊಂಡೆ. ಲೆಕ್ಕ ಸುಲಭ ಇದೆ: ನೀರಿನ ಮಟ್ಟದಲ್ಲಿ ದೋಣಿಯ ಉದ್ದ (ಅಡಿ) ಗುಣಿಸು ಹಾಯಿಯ ವಿಸ್ತೀರ್ಣ (ಚದರಡಿ), ಭಾಗಿಸು 6,000. ಉತ್ತರ ಅರ್ಧ ಬಂದರೆ ಹಾಫ್ ರೇಟರ್. ಉದಾಹರಣೆಗೆ 15 ಅಡಿ ಉದ್ದ, 200 ಚದರಡಿ ಹಾಯಿ. ಹಾಯಿ ದೊಡ್ಡದು ಮಾಡಬೇಕಂದ್ರೆ ಉದ್ದ ಕಡಿಮೆ ಮಾಡ್ಬೇಕು. ನಮ್ಮ ಪ್ರಾಜೆಕ್ಟುಗಳ ಹಾಗೇ, ಒಂದು ಬೇಕಂದ್ರೆ ಇನ್ನೊಂದು ಬಿಡ್ಬೇಕು :-)

ಕೆರೆ ಇರೋದೇ ಸುಮಾರು ಒಂದೂವರೆ ಕಿಲೋಮೀಟರ್ ಉದ್ದ. ಸುತ್ತ ಗುಡ್ಡಗಳು, ಗಾಳಿ ಯಾವ ಕ್ಷಣ ಯಾವ ಕಡೆಯಿಂದ ಬರುತ್ತೋ ಹೇಳೋಕಾಗಲ್ಲ. ಸಣ್ಣ, ಚುರುಕಾದ ದೋಣಿ ಇಂಥ ಕಡೆಗೆ ಸರಿ.

ಬ್ರಿಟಿಷರು ಹೋದರು, ಕ್ಲಬ್ಬು ಉಳೀತು. ಚುಕ್ಕಾಣಿ ನಮ್ಮವರ ಕೈಗೆ ಬಂತು. ಆದರೆ ಕೆರೆ? ಊರಿನ ಕುಡಿಯೋ ನೀರು ಇದರದ್ದೇ. 2017ರ ಬೇಸಿಗೆಯಲ್ಲಿ ನೀರು ಎಷ್ಟು ಇಳಿದಿತ್ತೆಂದರೆ ದಡದುದ್ದಕ್ಕೂ ಹೂಳು ಕಾಣ್ತಿತ್ತು. ಮೇಲಿರುವ ಸೂಖಾತಾಲ್ ಮಳೆನೀರು ಹಿಡಿದು, ನೆಲದೊಳಗಿಂದಲೇ ಈ ಕೆರೆಗೆ ಕಳಿಸುತ್ತದೆ. ಅದರ ಜಾಗದಲ್ಲೇ ಮನೆಗಳೆದ್ದವು, ಕಟ್ಟಡದ ಕಸ ಸುರಿದರು.

ನರಸಿಂಗ್‌ನಿಂದ ಕೆರೆ ಬರೆಸಿಕೊಳ್ಳೋಕೆ ಒಂದು ದೋಣಿ ಸಾಕಾಯ್ತು. ಅದನ್ನ ತುಂಬಿಸಿಡೋಕೆ ಯಾರ ಸಹಿಯೂ ಸಾಕಾಗಲ್ಲ. ಸೂಖಾತಾಲ್‌ನಲ್ಲಿ ಮಳೆನೀರು ನಿಲ್ಲಬೇಕು, ಅಷ್ಟೇ. ನಿಲ್ಲದಿದ್ದರೆ ಹಾಫ್ ರೇಟರ್ ಇದ್ದೂ ಏನು ಪ್ರಯೋಜನ?

ನಿಮ್ಮೂರ ಕೆರೆಗೂ ಇಂಥದ್ದೊಂದು ಕಥೆ ಇರಬಹುದು. ಇದ್ದರೆ ಬರೀರಿ, ಓದೋಕೆ ನಾನಿದ್ದೀನಿ.