ಸ್ಪೀಕರ್ ಎಲ್ಲಿಡಬೇಕು? ಮಲೆನಾಡಿನ ಮನೆಗೊಂದು ಕೈಪಿಡಿ

ಕೆಮ್ಮಣ್ಣುಗುಂಡಿ ಸಮೀಪದ ಹೆಬ್ಬೆ ಜಲಪಾತದ ಹಾದಿಯಲ್ಲಿ ಕಾಫಿ ತೋಟಗಳಿವೆ. ಇಂತಹ ತೋಟದ ಮನೆಗಳಿಗೆ ಹಾಡು ಮೊದಲು ಬಂದದ್ದು ರೇಡಿಯೋ ಮೂಲಕ. ಭದ್ರಾವತಿ ಆಕಾಶವಾಣಿ ಕೇಂದ್ರ ಆರಂಭವಾದದ್ದು 1965ರಲ್ಲಿ. ಒಂದೇ ಸ್ಪೀಕರ್‌ನ ರೇಡಿಯೋವನ್ನು ಗೋಡೆಯ ಹಲಗೆಯ ಮೇಲಿಟ್ಟರೆ ಸಾಕಿತ್ತು. ಎರಡು ಸ್ಪೀಕರ್‌ಗಳ ಸ್ಟೀರಿಯೊಗೆ ಆ ಪದ್ಧತಿ ಒಗ್ಗುವುದಿಲ್ಲ. ದುಬಾರಿ ಉಪಕರಣ ತಂದೂ ಧ್ವನಿ ಹಿತವೆನಿಸದಿದ್ದರೆ, ಅದನ್ನು ಬದಲಿಸುವ ಮುನ್ನ ಇಟ್ಟ ಜಾಗವನ್ನು ಬದಲಿಸಿ ನೋಡುವುದು ಒಳಿತು. ಇದಕ್ಕೆ ಖರ್ಚಿಲ್ಲ.

ತ್ರಿಕೋನದ ಸೂತ್ರ

ಎರಡು ಸ್ಪೀಕರ್‌ಗಳ ನಡುವಿನ ಅಂತರವೂ, ಪ್ರತಿ ಸ್ಪೀಕರ್‌ನಿಂದ ಕೇಳುಗನಿಗಿರುವ ಅಂತರವೂ ಸಮನಾಗಿರಬೇಕು. ಸ್ಪೀಕರ್‌ಗಳು 7 ಅಡಿ ದೂರದಲ್ಲಿದ್ದರೆ ಕುರ್ಚಿಯೂ ಎರಡರಿಂದ 7 ಅಡಿ ದೂರವಿರಲಿ. ತೀಕ್ಷ್ಣ ಸ್ವರ ಹೊಮ್ಮಿಸುವ ಸಣ್ಣ ಟ್ವೀಟರ್ ಕುಳಿತವರ ಕಿವಿಯ ಮಟ್ಟಕ್ಕಿರಬೇಕು. ಒಂದನ್ನು ಬೀರುವಿನ ಮೇಲೆ, ಇನ್ನೊಂದನ್ನು ಕಿಟಕಿಯ ಬಳಿ ಇರಿಸಿದರೆ ಗಾಯಕರ ಧ್ವನಿ ನಡುವೆ ನಿಲ್ಲದೆ ಒಂದೇ ಬದಿಗೆ ವಾಲುತ್ತದೆ.

ಗೋಡೆ ಮತ್ತು ಮೂಲೆ

ಸ್ಪೀಕರ್ ಗೋಡೆಗೆ ಹತ್ತಿರವಾದಷ್ಟೂ ಮಂದ್ರ ಸ್ವರ ಹೆಚ್ಚುತ್ತದೆ. ಮೂಲೆಯಲ್ಲಂತೂ ಮೃದಂಗದ ಎಡ ಬದಿಯ ನಾದ ಗುಂಯ್‌ಗುಟ್ಟುತ್ತದೆ. ಹಿಂಬದಿ ಗೋಡೆಯಿಂದ ಎರಡು ಅಡಿ ಮುಂದಕ್ಕೆ ಸರಿಸಿ ಕೇಳುವುದು ಮೊದಲ ಪ್ರಯೋಗ. ಎದುರುಬದುರು ಗೋಡೆಗಳ ನಡುವೆ ಕೆಲವು ಸ್ವರಗಳು ಅನುರಣಿಸುತ್ತವೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಈ ಲೆಕ್ಕದಲ್ಲಿ 12 ಅಡಿಯ ಕೋಣೆಯಲ್ಲಿ ಸುಮಾರು 47 ಹರ್ಟ್ಸ್‌ನ ಸ್ವರ ಗೋಡೆಯ ಬಳಿ ಉಬ್ಬಿ, ಕೋಣೆಯ ನಡುಮಧ್ಯದಲ್ಲಿ ಕುಗ್ಗುತ್ತದೆ. ಆದ್ದರಿಂದ ಕುರ್ಚಿಯನ್ನು ಗೋಡೆಗೆ ಒತ್ತಿ ಇಡುವುದೂ, ಸರಿಯಾಗಿ ಮಧ್ಯದಲ್ಲಿಡುವುದೂ ಸಲ್ಲದು. ಉದ್ದ, ಅಗಲ ಸಮನಾದ ಚೌಕ ಕೋಣೆಯಲ್ಲಿ ಈ ದೋಷ ಇಮ್ಮಡಿ.

ನೆಲ ಮತ್ತು ಹೆಂಚು

ನುಣುಪಾದ ಕೆಂಪು ಗಾರೆಯ ನೆಲ ಶಬ್ದವನ್ನು ಕನ್ನಡಿಯಂತೆ ಹಿಂದಿರುಗಿಸುತ್ತದೆ. ಸ್ಪೀಕರ್ ಮತ್ತು ಕುರ್ಚಿಯ ನಡುವೆ ದಪ್ಪನೆಯ ಜಮಖಾನ ಹಾಸಿದರೆ ಕರ್ಕಶತೆ ತಗ್ಗುತ್ತದೆ. ಪಕ್ಕದ ಗೋಡೆಯ ಪರೀಕ್ಷೆಯೂ ಸುಲಭ. ಒಬ್ಬರು ಕುರ್ಚಿಯಲ್ಲಿ ಕುಳಿತಿರಲಿ, ಇನ್ನೊಬ್ಬರು ಗೋಡೆಗುಂಟ ಕನ್ನಡಿ ಸರಿಸಲಿ. ಸ್ಪೀಕರ್ ಕಾಣಿಸಿದ ಜಾಗದಲ್ಲಿ ದಪ್ಪ ಪರದೆ ಅಥವಾ ಪುಸ್ತಕದ ಕಪಾಟು ಇದ್ದರೆ ಉತ್ತಮ. ಇಳಿಜಾರು ಹೆಂಚಿನ ಮಾಡು ಸಮತಟ್ಟಾದ ಕಾಂಕ್ರೀಟ್ ತಾರಸಿಯಷ್ಟು ನೇರವಾಗಿ ಶಬ್ದವನ್ನು ಕೆಳಗೆ ಮರಳಿಸುವುದಿಲ್ಲವೆಂಬುದು ಹಳೆಯ ಮನೆಗಳ ಅನುಕೂಲ. ಮಳೆಯ ಸದ್ದು ಮಾತ್ರ ತಪ್ಪದು.

ತೇವ ಮತ್ತು ಸಿಡಿಲು

ಮಲೆನಾಡಿನಲ್ಲಿ ಕಿವಿಯಷ್ಟೇ ಮುಖ್ಯವಾದದ್ದು ಉಪಕರಣದ ರಕ್ಷಣೆ. ಮಳೆನೀರು ಜಿನುಗುವ ಹೊರಗೋಡೆಗೆ ತಾಗಿಸಿ ಏನನ್ನೂ ಇಡಬಾರದು. ಗ್ರಾಮಫೋನ್ ತಟ್ಟೆ ಹಾಗೂ ಕ್ಯಾಸೆಟ್‌ಗಳಿಗೆ ಬೂಷ್ಟು ಹಿಡಿಯುತ್ತದೆ. ಅವು ಒಳಗೋಡೆಯ ಕಪಾಟಿನಲ್ಲಿ ನೆಟ್ಟಗೆ ನಿಂತಿರಲಿ. ಸ್ಪೀಕರ್‌ನೊಳಗೆ ಅಯಸ್ಕಾಂತವಿರುವುದರಿಂದ ಕ್ಯಾಸೆಟ್‌ಗಳನ್ನು ಅದರ ಮೇಲೆ ಪೇರಿಸಬಾರದು. ಗ್ರಾಮಫೋನನ್ನೂ ಸ್ಪೀಕರನ್ನೂ ಒಂದೇ ಹಲಗೆಯ ಮೇಲಿಟ್ಟರೆ ಕಂಪನ ಮುಳ್ಳಿಗೆ ತಲುಪಿ ಗೂಳಿಡುವ ಸದ್ದು ಬರುತ್ತದೆ. ಆಂಪ್ಲಿಫೈಯರ್ ಮೇಲೆ ಗಾಳಿಯಾಡಲು ಜಾಗ ಬಿಡಬೇಕು.

ಪ್ಲಗ್ ಕೈಗೆ ಸಿಗುವಂತಿರುವುದು ಅತ್ಯಗತ್ಯ. ಗುಡುಗು ಸಮೀಪಿಸುವ ಮುನ್ನವೇ ಅದನ್ನೂ ಆಂಟೆನಾ ತಂತಿಯನ್ನೂ ಕಳಚಬೇಕು. ಸ್ವಿಚ್ ಆರಿಸಿದರಷ್ಟೇ ಸಾಲದು. ಸಿಡಿಲು ಆರಂಭವಾದ ಮೇಲೆ ತಂತಿ ಮುಟ್ಟುವುದು ಪ್ರಾಣಕ್ಕೇ ಅಪಾಯ.