ಲ್ಯಾಟಿನ್ ಭಾಷೆಯ ಅಲ್ಪಾರ್ಥಕ ಗುಣವಾಚಕಗಳು: ಅರ್ಥ ಮತ್ತು ಬಳಕೆಯ ಚಾರಿತ್ರಿಕ ನೆಲೆಗಳು

ನಾಮಪದಕ್ಕೆ ಅಲ್ಪಾರ್ಥಕ ಪ್ರತ್ಯಯ ಹತ್ತಿದಾಗ ವಸ್ತುವಿನ ಗಾತ್ರ ಕಿರಿದಾಗುತ್ತದೆಂಬುದು ಸುಲಭವಾಗಿ ತಿಳಿಯುವ ಸಂಗತಿ. ಅದೇ ಪ್ರತ್ಯಯ ಗುಣವಾಚಕಕ್ಕೆ ಹತ್ತಿದರೆ ಕಿರಿದಾಗುವುದು ಯಾವುದು? ಲ್ಯಾಟಿನ್ ಭಾಷೆಯ ಮಟ್ಟಿಗೆ ಈ ಪ್ರಶ್ನೆ ವ್ಯಾಕರಣದ ಎಲ್ಲೆಯನ್ನು ಮೀರಿ ರೋಮನ್ ಸಮಾಜದ ಆಡುಮಾತಿನ ಚರಿತ್ರೆಗೆ ಸಂಬಂಧಿಸಿದೆ.

ಉಲುಸ್, ಒಲುಸ್, ಕುಲುಸ್, ಎಲ್ಲುಸ್ ಮೊದಲಾದ ಪ್ರತ್ಯಯಗಳಿಂದ ಈ ರೂಪಗಳು ಸಿದ್ಧಿಸುತ್ತವೆ. 'ಪಾರ್ವುಸ್' (ಸಣ್ಣ) ಎಂಬುದರಿಂದ 'ಪಾರ್ವುಲುಸ್', 'ಔರೆಯುಸ್' (ಚಿನ್ನದ) ಎಂಬುದರಿಂದ 'ಔರೆಯೊಲುಸ್', 'ಮಿಸೆರ್' (ದೀನ) ಎಂಬುದರಿಂದ 'ಮಿಸೆಲ್ಲುಸ್' ಹುಟ್ಟುತ್ತವೆ. ತರತಮ ರೂಪಕ್ಕೂ ಪ್ರತ್ಯಯ ಸೇರುವುದುಂಟು: 'ಲೊಂಗಿಯುಸ್ಕುಲುಸ್' ಎಂದರೆ 'ತುಸು ಹೆಚ್ಚು ಉದ್ದವಾದ'. ಇಲ್ಲಿ ಪ್ರಮಾಣದ ಇಳಿಕೆ ಸ್ಪಷ್ಟವಾಗಿದೆ. ಆದರೆ 'ಮಿಸೆಲ್ಲುಸ್' ಎಂದರೆ 'ಸ್ವಲ್ಪ ದೀನ'ನಲ್ಲ. ಕ್ರಿ.ಶ. 1ನೆಯ ಶತಮಾನದ ಪೆಟ್ರೋನಿಯಸನ 'ಸಟೈರಿಕಾನ್' ಕೃತಿಯಲ್ಲಿ ಮೃತ ಗುಲಾಮನೊಬ್ಬನಿಗೆ ಈ ವಿಶೇಷಣ ಸಂದಿದೆ. ಕನ್ನಡದ 'ಪಾಪ' ಎಂಬ ಉದ್ಗಾರದಲ್ಲಿರುವ ಮರುಕವೇ ಅದರ ಅರ್ಥ. ಪ್ರತ್ಯಯವು ಸೂಚಿಸುವುದು ಗುಣದ ಅಳತೆಯನ್ನಲ್ಲ, ನುಡಿಯುವವನ ಭಾವವನ್ನು.

ಆ ಭಾವ ಯಾವಾಗಲೂ ಅಕ್ಕರೆಯದೇ ಆಗಿರಬೇಕಿಲ್ಲ. 'ಗ್ರೈಕುಲುಸ್' (ಗ್ರೀಕನೆಂಬ ಅಲ್ಪ) ಎಂಬ ಪದವನ್ನು ಜುವೆನಲ್ ತನ್ನ 3ನೆಯ ವಿಡಂಬನ ಕಾವ್ಯದಲ್ಲಿ ತಿರಸ್ಕಾರಕ್ಕೆ ಬಳಸಿದ್ದಾನೆ. ಗ್ರೀಕ್ ವಿದ್ಯೆಯಲ್ಲಿ ಆಸಕ್ತನಾಗಿದ್ದ ಹೇಡ್ರಿಯನ್ ಚಕ್ರವರ್ತಿಗೆ (ಕ್ರಿ.ಶ. 76–138) ಎಳವೆಯಲ್ಲಿ ಇದೇ ಅಡ್ಡಹೆಸರಿತ್ತೆಂದು 'ಹಿಸ್ಟೋರಿಯಾ ಆಗಸ್ಟಾ' ತಿಳಿಸುತ್ತದೆ. ಸಾಯುವ ಮುನ್ನ ಅವನು ರಚಿಸಿದನೆಂದು ಅದೇ ಗ್ರಂಥ ಹೇಳುವ ಐದು ಸಾಲಿನ ಕವನದಲ್ಲಿಯೂ ಅಲ್ಪಾರ್ಥಕ ಗುಣವಾಚಕಗಳೇ ತುಂಬಿವೆ. ಅಲ್ಲಿ ಅವು ಅಗಲುವ ಆತ್ಮವನ್ನು ಕುರಿತ ಕನಿಕರವನ್ನು ಹೊತ್ತಿವೆ. ಒಂದೇ ವ್ಯಾಕರಣ ಸಾಧನ ಹೀಗೆ ಹೀಗಳಿಕೆಗೂ ಮಮತೆಗೂ ಒದಗಿದೆ; ನಿರ್ಣಾಯಕವಾದುದು ಸಂದರ್ಭ.

ಪ್ಲಾಟಸನ ನಾಟಕಗಳು, ಕಟುಲ್ಲಸನ ಕವನಗಳು, ಸಿಸೆರೋವಿನ ಪತ್ರಗಳು ಈ ರೂಪಗಳ ಮುಖ್ಯ ಆಕರಗಳು. ಮಹಾಕಾವ್ಯದ ಗಂಭೀರ ಶೈಲಿ ಇವುಗಳಿಂದ ದೂರವಿತ್ತು. ಆದುದರಿಂದಲೇ ವರ್ಜಿಲನ 'ಈನಿಯಡ್' ಕಾವ್ಯದ 4ನೆಯ ಸರ್ಗದಲ್ಲಿ, ತೊರೆದುಹೋಗಲಿರುವ ಈನಿಯಸನಿಂದ ತನಗೊಂದು ಪುಟ್ಟ ಮಗುವಾದರೂ ಇದ್ದಿದ್ದರೆ ಎಂದು ಡೈಡೋ ಹಲುಬುವಾಗ ಬರುವ 'ಪಾರ್ವುಲುಸ್' ವ್ಯಾಖ್ಯಾನಕಾರರ ಗಮನ ಸೆಳೆದಿದೆ. ರಾಣಿಯ ಬಾಯಲ್ಲಿ ಆ ಕ್ಷಣ ಮನೆಮಾತು ಕೇಳಿಬರುತ್ತದೆ.

ಕಾವ್ಯಶಿಷ್ಟರು ದೂರವಿಟ್ಟ ಇಂಥ ರೂಪಗಳಲ್ಲಿ ಹಲವು ಕಾಲಾಂತರದಲ್ಲಿ ಉಳಿದುಕೊಂಡವು. 'ಬೊನುಸ್' (ಒಳ್ಳೆಯ) ಪದಕ್ಕೆ ಸಂಬಂಧಿಸಿದ 'ಬೆಲ್ಲುಸ್' ತನ್ನ ಅಲ್ಪಾರ್ಥ ಕಳೆದುಕೊಂಡು, ಇಟಾಲಿಯನ್ನಿನ 'ಬೆಲ್ಲೊ', ಫ್ರೆಂಚಿನ 'ಬೊ' ಆಗಿ 'ಸುಂದರ' ಎಂಬರ್ಥದಲ್ಲಿ ನಿಂತಿತು. 'ಪುಲ್ಕೆರ್' ಎಂಬ ಶಿಷ್ಟಪದ ಹಿಂದೆ ಸರಿಯಿತು. 'ವೆಟುಸ್' (ಹಳೆಯ) ಪದದ ಅಲ್ಪಾರ್ಥಕವಾದ 'ವೆಟುಲುಸ್' ಜನರ ಬಾಯಲ್ಲಿ 'ವೆಕ್ಲುಸ್' ಆದುದನ್ನು 'ಅಪೆಂಡಿಕ್ಸ್ ಪ್ರೊಬಿ' ಎಂಬ ಪದಪಟ್ಟಿ ದೋಷವೆಂದು ತಿದ್ದಿತು. ಆದರೆ ಇಟಾಲಿಯನ್ನಿನ 'ವೆಕ್ಯೊ' ಬೆಳೆದದ್ದು ಆ 'ದೋಷ'ದಿಂದಲೇ.

ಶಾಸನ ಮತ್ತು ಶಿಷ್ಟಗ್ರಂಥಗಳು ದಾಖಲಿಸದ ರೋಮನ್ ಮನೆಯಂಗಳದ ನುಡಿಗೆ ಅಲ್ಪಾರ್ಥಕ ಗುಣವಾಚಕಗಳು ಸಾಕ್ಷಿಯಾಗಿವೆ. ಅವುಗಳನ್ನು 'ಚಿಕ್ಕ' ಎಂಬ ಒಂದೇ ಪದದಿಂದ ಅನುವಾದಿಸಿದರೆ ಆ ಸಾಕ್ಷ್ಯವೇ ಅಳಿಸಿಹೋಗುತ್ತದೆ.